ಶಾಲೆಯ ಆಯ್ಕೆ: ಮೊದಲು ದಾರಿಯ ಲೆಕ್ಕವಾಗಲಿ

ಮಾನ್ಯ ಸಂಪಾದಕರೇ,

ಮಕ್ಕಳನ್ನು ಒಂದನೇ ತರಗತಿಗೆ ಸೇರಿಸಲಿರುವ ತಂದೆತಾಯಂದಿರಿಗಾಗಿ ತಮ್ಮ ಪತ್ರಿಕೆ ಕಳೆದ ವಾರ ಪ್ರಕಟಿಸಿದ ಮಾರ್ಗದರ್ಶಿ ಲೇಖನವನ್ನು ಆಸಕ್ತಿಯಿಂದ ಓದಿದೆ. ಬೋಧನಾ ಮಾಧ್ಯಮ, ಫಲಿತಾಂಶ, ಶುಲ್ಕ, ಆಟದ ಮೈದಾನ, ಗ್ರಂಥಾಲಯ ಎಂದು ಸಾಗಿದ ಪಟ್ಟಿಯ ಕಟ್ಟಕಡೆಯಲ್ಲಿ ‘ಮನೆಯಿಂದ ಶಾಲೆಗಿರುವ ದೂರವನ್ನೂ ಗಮನಿಸಿ’ ಎಂಬ ಒಂದು ಸಾಲಿತ್ತು. ಇಪ್ಪತ್ತೇಳು ವರ್ಷ ಪ್ರಾಥಮಿಕ ತರಗತಿಗಳಿಗೆ ಪಾಠ ಹೇಳಿ ನಿವೃತ್ತಳಾಗಿರುವ ನನಗೆ, ಆ ಸಾಲು ಪಟ್ಟಿಯ ತಲೆಯಲ್ಲಿರಬೇಕಿತ್ತು ಎನಿಸಿತು. ಮಗು ದಿನವೂ ಎಷ್ಟು ಹೊತ್ತು ದಾರಿಯಲ್ಲಿ ಕಳೆಯಬಹುದು ಎಂಬುದನ್ನು ಮೊದಲು ತೀರ್ಮಾನಿಸಿ, ಆ ಮಿತಿಯೊಳಗೆ ಬರುವ ಶಾಲೆಗಳಲ್ಲಿ ಒಳ್ಳೆಯದನ್ನು ಹುಡುಕುವುದೇ ಸರಿಯಾದ ಕ್ರಮ. ನಾವು ಮಾಡುತ್ತಿರುವುದು ಇದರ ತಲೆಕೆಳಗು: ಮೊದಲು ಶಾಲೆಗೆ ಮನಸೋಲುತ್ತೇವೆ, ಆಮೇಲೆ ದಾರಿಗೆ ಮಗುವನ್ನು ಒಗ್ಗಿಸಲು ಹೆಣಗುತ್ತೇವೆ.

ಸ್ವಲ್ಪ ಲೆಕ್ಕ ಹಾಕೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಒಂದರಿಂದ ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳನ್ನೂ 800 ಬೋಧನಾ ಗಂಟೆಗಳನ್ನೂ ನಿಗದಿಪಡಿಸಿದೆ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಹಿಡಿಯುವ ಶಾಲೆಯೆಂದರೆ 200 ದಿನಗಳಿಗೆ 400 ಗಂಟೆಗಳ ಪ್ರಯಾಣವಾಯಿತು; ಅಂದರೆ ಇಡೀ ವರ್ಷ ಆ ಮಗು ಕಲಿಯಬೇಕಾದ ಅವಧಿಯ ಅರ್ಧದಷ್ಟು. ಐದು ವರ್ಷಕ್ಕೆ ಅದು 2,000 ಗಂಟೆ. ಹದಿನೈದು ನಿಮಿಷದ ದಾರಿಯ ಶಾಲೆಗೆ ಹೋಗುವ ಮಗುವಿಗೆ ಇದೇ ಐದು ವರ್ಷಗಳಲ್ಲಿ 500 ಗಂಟೆ ಸಾಕು. ಉಳಿದ 1,500 ಗಂಟೆಗಳಿಗೆ ಬದಲಾಗಿ ದೂರದ ಶಾಲೆ ಏನು ಕೊಡುತ್ತದೆ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ‘ಬಸ್ಸಿನಲ್ಲೇ ಓದಿಕೊಳ್ಳುತ್ತಾನೆ’ ಎಂಬ ಸಮಾಧಾನವನ್ನು ನಾನು ನಂಬಲಾರೆ. ಪ್ರಯಾಣದ ವಾಕರಿಕೆ ಹೆಚ್ಚಾಗಿ ಕಾಡುವುದೇ ಎರಡರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳನ್ನು, ಚಲಿಸುವ ವಾಹನದಲ್ಲಿ ಪುಸ್ತಕ ಹಿಡಿದರೆ ಅದು ಇನ್ನಷ್ಟು ಹೆಚ್ಚುತ್ತದೆ.

ಕಾನೂನುಗಳು ಈ ವಿಷಯವನ್ನು ಯೋಚಿಸಿಲ್ಲವೆಂದಲ್ಲ. ನಮ್ಮ ಕಾಯ್ದೆಯ ಮಾದರಿ ನಿಯಮಗಳು ಐದನೇ ತರಗತಿಯವರೆಗಿನ ಮಕ್ಕಳಿಗೆ ನಡೆದು ಹೋಗಬಹುದಾದ 1 ಕಿಲೋಮೀಟರ್ ಒಳಗೆ ಶಾಲೆಯಿರಬೇಕು ಎನ್ನುತ್ತವೆ. ಇಂಗ್ಲೆಂಡಿನಲ್ಲಿ ಎಂಟು ವರ್ಷದೊಳಗಿನ ಮಗುವಿಗೆ ಸೂಕ್ತವಾದ ಅತಿ ಸಮೀಪದ ಶಾಲೆಯೂ 2 ಮೈಲಿಗಿಂತ ದೂರದಲ್ಲಿದ್ದರೆ ಸ್ಥಳೀಯ ಆಡಳಿತವೇ ಉಚಿತ ವಾಹನ ಒದಗಿಸಬೇಕು. ಜಪಾನಿನಲ್ಲಿ ಪ್ರಾಥಮಿಕ ಶಾಲೆಗೆ ಸುಮಾರು 4 ಕಿಲೋಮೀಟರ್ ಮಿತಿಯೆಂಬ ಮಾನದಂಡವಿದೆ. ಅಂಕಿಗಳು ಬೇರೆಬೇರೆಯಾದರೂ, ಇವೆಲ್ಲ ಸರ್ಕಾರದ ಹೊಣೆ ಎಲ್ಲಿಯವರೆಗೆ ಎಂದು ಗೆರೆ ಎಳೆಯುವ ನಿಯಮಗಳು. ತನ್ನ ಮಗುವಿಗೆ ಎಷ್ಟು ದೂರ ಸರಿ ಎಂಬುದನ್ನು ಮನೆಯವರೇ ನಿರ್ಧರಿಸಬೇಕಾಗುತ್ತದೆ.

ನನ್ನ ಎರಡನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮೊದಲ ಅವಧಿಯಲ್ಲಿ ಅವನ ಕಣ್ಣು ತೂಗುತ್ತಿತ್ತು, ಕೇಳಿದ ಪ್ರಶ್ನೆಗೆ ಉತ್ತರ ಬರುತ್ತಿರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಅದೇ ಹುಡುಗ ಚುರುಕಾಗಿ ಲೆಕ್ಕ ಬಿಡಿಸುತ್ತಿದ್ದ. ‘ಗಮನ ಕಡಿಮೆ’ ಎಂದು ಪ್ರಗತಿ ಪತ್ರದಲ್ಲಿ ಬರೆದವಳು ನಾನೇ. ಮೂರು ತಿಂಗಳ ಬಳಿಕ, ಶಾಲೆಯ ವಾಹನದಲ್ಲಿ ಎಲ್ಲರಿಗಿಂತ ಮೊದಲು ಹತ್ತುವವನು ಅವನು, ಸಂಜೆ ಎಲ್ಲರಿಗಿಂತ ಕೊನೆಗೆ ಇಳಿಯುವವನೂ ಅವನೇ ಎಂಬುದು ತಿಳಿಯಿತು. ವಾಂತಿಯಾಗುತ್ತದೆಂದು ಬೆಳಗ್ಗೆ ಏನೂ ತಿನ್ನದೆ, ದಾರಿಯಲ್ಲಿ ಮೂತ್ರಕ್ಕೆ ಅವಸರವಾದೀತೆಂದು ನೀರನ್ನೂ ಕುಡಿಯದೆ ಅವನು ತರಗತಿಗೆ ಬರುತ್ತಿದ್ದ. ಏಳು ವರ್ಷದ ಮಗು ಇಂಥ ಉಪಾಯಗಳನ್ನು ತಾನೇ ಕಂಡುಕೊಂಡಿತ್ತು, ಮನೆಯಲ್ಲಿ ಹೇಳಿರಲಿಲ್ಲ. ಆ ಪ್ರಗತಿ ಪತ್ರದ ಎರಡು ಪದಗಳ ಬಗ್ಗೆ ನನಗೆ ಈಗಲೂ ನಾಚಿಕೆಯಿದೆ.

ನಿದ್ರೆಯ ಲೆಕ್ಕವೂ ದಾರಿಯ ಲೆಕ್ಕದೊಳಗೇ ಸೇರಿದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ರೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಶಿಫಾರಸು ಮಾಡಿದೆ. ಬೆಳಗ್ಗೆ 7ಕ್ಕೆ ವಾಹನ ಬರುವುದಾದರೆ ಮಗು 6ಕ್ಕೆ ಏಳಬೇಕು, ಹತ್ತು ಗಂಟೆ ನಿದ್ರೆಯಾಗಬೇಕಾದರೆ ಹಿಂದಿನ ರಾತ್ರಿ 8ಕ್ಕೆ ಮಲಗಿ ನಿದ್ದೆ ಹೋಗಿರಬೇಕು. ಕೆಲಸ ಮುಗಿಸಿ ಅದೇ ಹೊತ್ತಿಗೆ ಮನೆಗೆ ಬರುವ ತಂದೆಗೋ ತಾಯಿಗೋ ಮಗುವಿನೊಡನೆ ಮಾತನಾಡುವ ಅವಕಾಶ ತಪ್ಪಬೇಕು, ಇಲ್ಲವೇ ಮಗುವಿಗೆ ನಿದ್ರೆ ತಪ್ಪಬೇಕು. ಸಾಮಾನ್ಯವಾಗಿ ತಪ್ಪುವುದು ನಿದ್ರೆಯೇ. ಇನ್ನು ಐದು ವರ್ಷ ದಾಟಿದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಳಲುವಂತೆ ಆಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕತ್ತಲಾಗುವ ಹೊತ್ತಿಗೆ ವಾಹನದಿಂದಿಳಿಯುವ ಮಗು ಅದನ್ನು ಎಲ್ಲಿಂದ ತಂದೀತು? ಶಾಲೆಗೆ ನಡೆದು ಹೋಗುವ ಮಗುವಿಗೆ ಅದರ ಒಂದು ಪಾಲು ದಾರಿಯಲ್ಲೇ ದೊರೆತಿರುತ್ತದೆ.

ಹಾಗಾದರೆ ದೂರವನ್ನು ಅಳೆಯುವುದು ಹೇಗೆ? ಭೂಪಟದ ಮೇಲೆ ಅಳೆದ ಕಿಲೋಮೀಟರುಗಳು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಮನೆಯಿಂದ ನೇರವಾಗಿ 4 ಕಿಲೋಮೀಟರ್ ಇರುವ ಶಾಲೆಗೆ, ಹತ್ತಾರು ಕಡೆ ನಿಂತು ಮಕ್ಕಳನ್ನು ಹತ್ತಿಸಿಕೊಳ್ಳುವ ಬಸ್ಸು ಸುತ್ತಿ ಬಳಸಿ ಅದರ ಮೂರು ಪಟ್ಟು ಓಡಬಹುದು. ಆದ್ದರಿಂದ ಅರ್ಜಿ ತುಂಬುವ ಮೊದಲು, ರಜೆಯಿಲ್ಲದ ಒಂದು ದಿನ, ಶಾಲೆ ಆರಂಭವಾಗುವ ಹೊತ್ತಿಗೆ ಸರಿಯಾಗಿ, ಮಗುವನ್ನೂ ಕರೆದುಕೊಂಡು ಮನೆಯ ಬಾಗಿಲಿನಿಂದ ತರಗತಿಯ ಬಾಗಿಲಿನವರೆಗೆ ಹೋಗಿ ನೋಡುವುದು ಒಳ್ಳೆಯದು. ಭಾನುವಾರದ ಖಾಲಿ ರಸ್ತೆಯಲ್ಲಿ ಕಾರಿನಲ್ಲಿ ಹೋಗಿ ‘ಇಪ್ಪತ್ತೇ ನಿಮಿಷ’ ಎಂದು ಸಂತೋಷಪಟ್ಟವರು ಆಮೇಲೆ ಪಟ್ಟ ಪಾಡನ್ನು ನಾನು ಬಹಳ ನೋಡಿದ್ದೇನೆ. ವಾಹನಕ್ಕಾಗಿ ಕಾಯುವ ಸಮಯ, ಮಳೆಯ ದಿನದ ವಿಳಂಬ, ಗೇಟಿನ ಮುಂದಿನ ನೂಕುನುಗ್ಗಲು ಇವೆಲ್ಲ ಆ ಲೆಕ್ಕಕ್ಕೆ ಸೇರಬೇಕು. ನಮ್ಮ ಮಗು ಎಷ್ಟನೆಯ ನಿಲ್ದಾಣದಲ್ಲಿ ಹತ್ತುತ್ತದೆ, ಎಷ್ಟನೆಯದರಲ್ಲಿ ಇಳಿಯುತ್ತದೆ, ವಾಹನದಲ್ಲಿ ಚಾಲಕನಲ್ಲದೆ ಮತ್ತೊಬ್ಬ ಹಿರಿಯರು ಇರುತ್ತಾರೆಯೇ ಎಂದು ಶಾಲೆಯವರನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಶುಲ್ಕದ ಕಂತುಗಳ ಬಗ್ಗೆ ಹತ್ತು ಪ್ರಶ್ನೆ ಕೇಳುವವರು ಈ ಮೂರನ್ನು ಕೇಳದಿರುವುದು ನನಗೆ ಸೋಜಿಗವಾಗಿ ಕಾಣುತ್ತದೆ.

ಹತ್ತಿರದ್ದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಐನೂರು ಮೀಟರ್ ದೂರದ ಶಾಲೆಗೆ ವಾಹನಗಳು ವೇಗವಾಗಿ ಓಡುವ ಹೆದ್ದಾರಿಯನ್ನು ದಾಟಿ ಹೋಗಬೇಕಾದರೆ, ಓಣಿಗಳಲ್ಲೇ ನಡೆದು ತಲುಪಬಹುದಾದ ಒಂದೂವರೆ ಕಿಲೋಮೀಟರಿನ ಶಾಲೆಯೇ ಮೇಲು. ಎದುರಿಗೆ ಬರುತ್ತಿರುವ ವಾಹನದ ವೇಗವನ್ನು ದೊಡ್ಡವರಂತೆ ಅಂದಾಜು ಮಾಡುವ ಶಕ್ತಿ ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳಲ್ಲಿ ಇನ್ನೂ ಬಲಿತಿರುವುದಿಲ್ಲ, ‘ನೋಡಿಕೊಂಡು ದಾಟು’ ಎಂಬ ಬುದ್ಧಿಮಾತು ಅದನ್ನು ತುಂಬಿಕೊಡಲಾರದು. ಹಾಗೆಯೇ ದೂರದ ಶಾಲೆಯನ್ನು ಆರಿಸಲು ಗಟ್ಟಿಯಾದ ಕಾರಣಗಳೂ ಇರುತ್ತವೆ. ಕಿವಿ ಕೇಳದ ಅಥವಾ ಕಲಿಕೆಯಲ್ಲಿ ವಿಶೇಷ ನೆರವು ಬೇಕಾದ ಮಗುವಿಗೆ ತಕ್ಕ ಶಿಕ್ಷಕರು ಹತ್ತಿರದಲ್ಲಿಲ್ಲದಿದ್ದರೆ ದೂರ ಹೋಗಲೇಬೇಕು. ತಾಯಿ ಅಥವಾ ತಂದೆಯ ಕೆಲಸದ ಜಾಗ ಶಾಲೆಯ ಪಕ್ಕದಲ್ಲೇ ಇದ್ದು, ಇಬ್ಬರೂ ಜೊತೆಯಾಗಿ ಮಾತನಾಡಿಕೊಂಡು ಹೋಗಿ ಬರುವುದಾದರೆ ಅದೇ ನಲವತ್ತು ನಿಮಿಷ ಬೇರೆಯದೇ ಅನುಭವ. ಆದರೆ ಬಹುಪಾಲು ಸಂದರ್ಭಗಳಲ್ಲಿ ದೂರಕ್ಕೆ ಕಾರಣವಾಗಿರುವುದು ಶಾಲೆಯ ಹೆಸರು. ಆ ಹೆಸರಾದರೋ ಹಲವು ಬಾರಿ ಹತ್ತನೇ ತರಗತಿಯ ಫಲಿತಾಂಶದಿಂದ ಬಂದದ್ದು, ಒಂದನೇ ತರಗತಿಯ ಶಿಕ್ಷಕಿ ಹೇಗೆ ಕಲಿಸುತ್ತಾರೆ ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಪೋಷಕರು ಮರೆಯುವ ಇನ್ನೊಂದು ಸಂಗತಿಯೆಂದರೆ ಶಾಲೆಯಿಂದ ಬರುವ ದೂರವಾಣಿ ಕರೆ. ‘ಮಗುವಿಗೆ ಜ್ವರ ಬಂದಿದೆ, ಬಂದು ಕರೆದುಕೊಂಡು ಹೋಗಿ’ ಎಂದು ನಾನೇ ಎಷ್ಟೋ ಮನೆಗಳಿಗೆ ಕರೆ ಮಾಡಿದ್ದೇನೆ. ಹತ್ತಿರದವರು ಕಾಲು ಗಂಟೆಯಲ್ಲಿ ಬರುತ್ತಿದ್ದರು. ದೂರದ ಮಗು ಮೈ ಸುಡುತ್ತಿದ್ದರೂ ಶಿಕ್ಷಕರ ಕೊಠಡಿಯ ಬೆಂಚಿನ ಮೇಲೆ ಒಂದೂವರೆ ಗಂಟೆ ಮಲಗಿರುತ್ತಿತ್ತು, ನಡುನಡುವೆ ತಲೆಯೆತ್ತಿ ‘ಅಮ್ಮ ಎಲ್ಲಿಗೆ ಬಂದಿರಬಹುದು ಮಿಸ್’ ಎಂದು ಕೇಳುತ್ತಿತ್ತು.

ಮುಂದಿನ ವರ್ಷ ತಾವು ಇದೇ ಮಾರ್ಗದರ್ಶಿಯನ್ನು ಪ್ರಕಟಿಸುವಾಗ, ಪಟ್ಟಿಯ ಮೊದಲ ಸಾಲಿನಲ್ಲಿ ‘ಬಾಗಿಲಿನಿಂದ ಬಾಗಿಲಿಗೆ ಬೆಳಗ್ಗೆ ಎಷ್ಟು ನಿಮಿಷ, ಸಂಜೆ ಎಷ್ಟು ನಿಮಿಷ’ ಎಂದು ಮುದ್ರಿಸಿ, ಪೋಷಕರು ತಾವೇ ಪ್ರಯಾಣ ಮಾಡಿ ನೋಡಿ ತುಂಬಲು ಎರಡು ಖಾಲಿ ಜಾಗಗಳನ್ನು ಬಿಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ