ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ್ರೀ. ನವನಗರ, ವಿದ್ಯಾನಗರ ಕಡೆ ಹೊಸದಾಗಿ ಮನೆ ಬದಲಿಸಿದವರು ಇದನ್ನು ತಪ್ಪದೇ ಓದಿ. ಕೈಯಲ್ಲಿ ವೋಟರ್ ಕಾರ್ಡ್ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರೂ ಇರಬೇಕು.

2023ರ ಚುನಾವಣೆಗೆ ಮುಂಚೆ ಕಲಬುರಗಿಯ ಆಳಂದದಲ್ಲಿ ಹೆಸರು ತೆಗೆಯಲು ಆನ್‌ಲೈನಲ್ಲಿ 6,018 ಅರ್ಜಿ ಬಂದಿದ್ದವು. ಪರಿಶೀಲಿಸಿದಾಗ ಸರಿ ಇದ್ದದ್ದು ಬರೀ 24! ಉಳಿದವನ್ನು ತಿರಸ್ಕರಿಸಿದರು. ಯಾರೂ ನೋಡದೇ ಹೋಗಿದ್ದರೆ?

ಹೆಸರು ತೆಗೆಸಲು ಫಾರ್ಮ್ 7. ಖಾಲಿ ಫಾರ್ಮಿಗೆ ಯಾರೇ ಸಹಿ ಕೇಳಿದರೂ ಸುಮ್ನೆ ಹಾಕಬೇಡಿ. ಹೊಸದಾಗಿ ಸೇರಲು ಫಾರ್ಮ್ 6, ವಿಳಾಸ ಬದಲಿಸಲು 8. ಹದಿನೆಂಟು ತುಂಬುವ ಮಕ್ಕಳು ಜನವರಿಗೇ ಕಾಯಬೇಕಿಲ್ಲ. ಏಪ್ರಿಲ್ 1, ಜುಲೈ 1, ಅಕ್ಟೋಬರ್ 1ಕ್ಕೆ ಹದಿನೆಂಟು ತುಂಬಿದರೂ ಲೆಕ್ಕಕ್ಕೆ ಬರುತ್ತದೆ.

ಸಂಶಯ ಇದ್ದರೆ 1950ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ಬೂತಿನ ಬಿಎಲ್‌ಓ (ಮತಗಟ್ಟೆ ಮಟ್ಟದ ಅಧಿಕಾರಿ) ಅವರನ್ನು ಕೇಳಿ. ಪಕ್ಷದ ಜಗಳ ಮಾತ್ರ ಈ ಗುಂಪಿನಲ್ಲಿ ಬೇಡ್ರೀ.