ದ್ರಾಕ್ಷಿತೋಟ ಕಾಣದ ದ್ರಾಕ್ಷಿತೋಟದ ವಸತಿಗೃಹ

ಬೆಂಗಳೂರು
26 ಫೆಬ್ರವರಿ 2026

ಇವರಿಗೆ,
ವ್ಯವಸ್ಥಾಪಕರು,
ದ್ರಾಕ್ಷಿತೋಟದ ವಸತಿಗೃಹ,
ನಂದಿಬೆಟ್ಟದ ತಪ್ಪಲು

ವಿಷಯ: ಫೆಬ್ರವರಿ 20 ಮತ್ತು 21ರ ವಾಸ್ತವ್ಯದಲ್ಲಿ ಹೇಳಿದ್ದನ್ನು ಕೊಡದಿರುವುದು ಹಾಗೂ ಬಿಲ್ಲಿನಲ್ಲಿ ಹೆಚ್ಚು ವಸೂಲಿ ಮಾಡಿರುವ ಕುರಿತು

ಮಾನ್ಯರೇ,

ನಿಮ್ಮ ಕಟ್ಟಡದ ಬಗ್ಗೆ ನನ್ನ ತಕರಾರಿಲ್ಲ. ಹಳೇ ಬಂಗಲೆಯನ್ನು ಕೆಡವದೆ ಮಂಗಳೂರು ಹೆಂಚು, ರೆಡ್ ಆಕ್ಸೈಡ್ ನೆಲ, ಜಗಲಿಯ ಕಲ್ಲುಕಂಬ ಎಲ್ಲವನ್ನೂ ಉಳಿಸಿಕೊಂಡಿದ್ದೀರಿ. ನೋಡಿದವರು ಮರುಳಾಗಬೇಕು, ಹಾಗಿದೆ. ಬೆಳಗಿನ ರಾಗಿ ದೋಸೆ, ಹುಚ್ಚೆಳ್ಳು ಚಟ್ನಿಗೂ ಹೆಸರಿಡುವಂತಿಲ್ಲ. ಆದರೆ ದ್ರಾಕ್ಷಿತೋಟದ ಹೆಸರಿನಲ್ಲಿ ದುಡ್ಡು ತೆಗೆದುಕೊಂಡು, ದ್ರಾಕ್ಷಿತೋಟ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತೋರಿಸಿದ್ದೀರಿ. ಈ ಪತ್ರ ಅದಕ್ಕಾಗಿ.

ನಮ್ಮ ತಂದೆ ದೇವನಹಳ್ಳಿ ಕಡೆ ಬಹಳ ಕಾಲ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆದವರು. ಈಗ ಆ ಜಮೀನೂ ಇಲ್ಲ, ಚಪ್ಪರವೂ ಇಲ್ಲ. ವೈನ್ ದ್ರಾಕ್ಷಿಯನ್ನು ಚಪ್ಪರಕ್ಕೆ ಹಬ್ಬಿಸದೆ, ತಂತಿಗೆ ಕಟ್ಟಿ ಬೇಲಿಯ ಹಾಗೆ ಸಾಲಾಗಿ ನಿಲ್ಲಿಸುತ್ತಾರಂತೆ, ಅದನ್ನೊಮ್ಮೆ ಹತ್ತಿರದಿಂದ ನೋಡಬೇಕು ಎಂಬುದು ಅವರ ಆಸೆ. ಅವರು ವೈನ್ ಮುಟ್ಟುವವರಲ್ಲ, ಗಿಡ ನೋಡಲು ಬಂದವರು. ಅದಕ್ಕೇ ಕೊಯ್ಲಿನ ಕಾಲ ನೋಡಿಕೊಂಡು, ನಂದಿಯ ಶಿವರಾತ್ರಿ ಜಾತ್ರೆಯ ಗದ್ದಲವೂ ಕಳೆಯಲಿ ಎಂದು ಮರುವಾರಕ್ಕೆ ಬುಕ್ ಮಾಡಿದೆ. ಅಪ್ಪನಿಗೆ ಮಂಡಿನೋವು, ಕೆಳಗಿನ ರೂಮೇ ಬೇಕು ಎಂದು ಬುಕ್ ಮಾಡುವಾಗಲೇ ಬರೆದಿದ್ದೆ. ನಿಮ್ಮ ಕಡೆಯಿಂದ ‘ಖಂಡಿತ ಮೇಡಂ’ ಎಂಬ ಉತ್ತರ ಬಂದಿದೆ. ಅದರ ಪ್ರತಿ ಲಗತ್ತಿಸಿದ್ದೇನೆ.

ಕೊಟ್ಟದ್ದು ಮಹಡಿಯ ರೂಮು. ಮೆಟ್ಟಿಲು ಕಡಿದು, ಒಂದೇ ಕಡೆ ಹಿಡಿಕೆ. ತೋಟ ಕಾಣುವ ರೂಮೆಂದು ದಿನಕ್ಕೆ 1,500 ರೂಪಾಯಿ ಹೆಚ್ಚು ಪಡೆದಿದ್ದೀರಿ. ಕಿಟಕಿ ತೆರೆದರೆ ಎದುರಿಗೆ ಜನರೇಟರ್, ಅದರ ಹಿಂದೆ ಕಾಂಪೌಂಡ್ ಗೋಡೆ. ಗೋಡೆಯ ಮೇಲಿಂದ ಕತ್ತು ಚಾಚಿದರೆ ದೂರದಲ್ಲಿ ಒಂದಿಷ್ಟು ಹಸಿರು ಕಾಣುತ್ತದೆ, ನಿಜ. ಅದು ಪಕ್ಕದವರ ಜೋಳದ ಹೊಲ. ಇನ್ನು ಶನಿವಾರ ನಸುಕಿನಲ್ಲೇ ಸೂರ್ಯೋದಯ ನೋಡಲು ಬೆಟ್ಟಕ್ಕೆ ಹೋಗುವ ಬೈಕುಗಳ ಸಾಲು. ಸೈಲೆನ್ಸರ್ ಕಿತ್ತವರೇ ಜಾಸ್ತಿ. ರಸ್ತೆಯ ಸದ್ದಿಗೆ ನೀವು ಹೊಣೆಯಲ್ಲ, ಆದರೆ ‘ಹಕ್ಕಿಯ ದನಿಯೊಂದೇ ಕೇಳುವ ತಾಣ’ ಎಂದು ಬರೆದವರು ನೀವೇ.

ಶನಿವಾರ ಬೆಳಿಗ್ಗೆ ತೋಟದ ಸುತ್ತಾಟ ಇತ್ತು. ಅಪ್ಪ ಪಂಚೆ ಮೇಲೆ ಸ್ವೆಟರ್ ಹಾಕಿಕೊಂಡು ಎಲ್ಲರಿಗಿಂತ ಮುಂಚೆ ಗೇಟಿನ ಬಳಿ ನಿಂತಿದ್ದರು. ಗೇಟಿಗೆ ಹಗ್ಗ ಕಟ್ಟಿತ್ತು. ಒಳಗೆ ಪ್ರೀ ವೆಡ್ಡಿಂಗ್ ಶೂಟ್ ನಡೆಯುತ್ತಿತ್ತು. ಮೇಲೆ ಡ್ರೋನು, ಸಾಲುಗಳ ನಡುವೆ ಹೊಗೆ ಬಿಡುವ ಡಬ್ಬಿ, ಉದ್ದನೆ ಗೌನು ಹಿಡಿದು ಓಡುವ ಹುಡುಗಿ. ಹನ್ನೊಂದಕ್ಕೆ ಬಿಡುತ್ತೇವೆ ಎಂದರು, ಆಮೇಲೆ ಎರಡಕ್ಕೆ ಎಂದರು, ಸಂಜೆ ಬಂದರೆ ‘ಲೈಟ್ ಚೆನ್ನಾಗಿದೆ, ಇನ್ನೊಂದು ಜೋಡಿ ಬಂದಿದ್ದಾರೆ’ ಎಂದರು. ಭಾನುವಾರ ಔಷಧಿ ಹೊಡೆದಿದೆ, ಒಳಗೆ ಹೋಗುವ ಹಾಗಿಲ್ಲ ಎಂಬ ಕಾರಣ. ಕೊಯ್ಲಿಗೆ ಬಂದ ಹಣ್ಣಿಗೆ ಯಾವ ಔಷಧಿ ಹೊಡೆಯುತ್ತಾರೆ ಎಂದು ಅಪ್ಪ ಕೇಳಿದ್ದಕ್ಕೆ ನಿಮ್ಮ ಸೂಪರ್‌ವೈಸರ್ ಬಳಿ ಉತ್ತರವಿರಲಿಲ್ಲ.

ದ್ರಾಕ್ಷಿ ತುಳಿಯುವ ಕಾರ್ಯಕ್ರಮವನ್ನೂ ಹೇಳಲೇಬೇಕು. ‘ನಮ್ಮದೇ ತೋಟದ ಶಿರಾಜ್ ಹಣ್ಣು, ಕಾಲಿಗೂ ಬಟ್ಟೆಗೂ ಬಣ್ಣ ಹತ್ತುತ್ತದೆ, ಹಳೇ ಬಟ್ಟೆ ತನ್ನಿ’ ಎಂದು ಸೂಚನೆ ಕಳಿಸಿದ್ದಿರಿ. ತಂದೆವು. ಅಂಗಳದಲ್ಲಿ ನೀಲಿ ಪ್ಲಾಸ್ಟಿಕ್ ತೊಟ್ಟಿ, ಪಕ್ಕದಲ್ಲಿ ಪೇಪರ್ ಹಾಸಿದ ಕ್ರೇಟುಗಳು. ಅದರಲ್ಲಿದ್ದದ್ದು ಉದ್ದುದ್ದ, ತಿಳಿಹಸಿರು ಹಣ್ಣು. ಅಪ್ಪ ಒಂದನ್ನು ಬೆರಳಲ್ಲಿ ಒತ್ತಿ ನೋಡಿ, ‘ಇದು ದಿಲ್‌ಖುಷ್ ಕಣಮ್ಮ, ತಿನ್ನೋ ಹಣ್ಣು. ಮಂಡೀಲಿ ಬೇಕಾದಷ್ಟು ಸಿಗುತ್ತೆ. ಇದನ್ನ ಯಾಕೆ ತುಳಿಸ್ತಾರೆ?’ ಎಂದರು. ಶಿರಾಜ್ ಕಪ್ಪು ದ್ರಾಕ್ಷಿ, ಅದರ ಬಣ್ಣವಿರುವುದು ಸಿಪ್ಪೆಯಲ್ಲಿ. ನಾವು ತುಳಿದ ರಸ ಎಳನೀರಿನ ಬಣ್ಣಕ್ಕಿತ್ತು, ಹಳೇ ಬಟ್ಟೆಗೆ ಒಂದು ಕಲೆಯೂ ಆಗಲಿಲ್ಲ. ಬೆಳೆದವನ ಕಣ್ಣಿಗೆ ಒಳ್ಳೇ ಹಣ್ಣು ಹಾಗೆ ಕಾಲಡಿ ಹೋಗುವುದನ್ನು ನೋಡುವುದು ಸುಲಭವಲ್ಲ. ಅಪ್ಪ ಎದ್ದು ಒಳಗೆ ಹೋದರು.

ವೈನ್ ರುಚಿ ನೋಡುವ ಹೊತ್ತಿಗೆ ಕೆಂಪು ವೈನಿನ ಬಾಟಲಿ ಆಗಲೇ ಅರ್ಧ ಖಾಲಿ. ಬಿಸಿಲಿನ ಜಗಲಿಯಲ್ಲಿಟ್ಟು ಬೆಚ್ಚಗಾಗಿತ್ತು, ಹುಳಿ ಬಾಯಿಗೆ ಮೊದಲೇ ಸಿಗುತ್ತಿತ್ತು. ಸುರಿದುಕೊಟ್ಟ ಹುಡುಗ ‘ನಿನ್ನೆ ತೆಗೆದಿದ್ದು ಮೇಡಂ, ಹೊಸದು ತೆಗೀಬೇಡಿ ಅಂದಿದ್ದಾರೆ’ ಎಂದು ಮೆಲ್ಲಗೆ ಹೇಳಿದ. ಅವನ ಹೆಸರು ಬರೆಯುವುದಿಲ್ಲ. ನಿಜ ಹೇಳಿದ್ದಕ್ಕೆ ಅವನ ಸಂಬಳಕ್ಕೆ ಕೈ ಹಾಕಬೇಡಿ. ಅಪ್ಪನನ್ನು ಕೈ ಹಿಡಿದು ಮಹಡಿ ಹತ್ತಿಸಿದವನೂ ಅವನೇ.

ಇನ್ನು ಬಿಲ್ಲು. ರೂಮಿನ ಬಾಡಿಗೆ, ಆ ಹೆಚ್ಚುವರಿ 1,500 ಸೇರಿಯೇ, ದಿನಕ್ಕೆ 7,200. 2025ರ ಸೆಪ್ಟೆಂಬರ್ 22ರಿಂದ 7,500ರ ವರೆಗಿನ ರೂಮಿಗೆ ಜಿಎಸ್‌ಟಿ ಶೇ 5. ನೀವು ಹಾಕಿರುವುದು ಶೇ 18, ಅಂದರೆ 1,872 ರೂಪಾಯಿ ಹೆಚ್ಚು. 3,200ರ ವೈನಿಗೂ ಶೇ 18 ಜಿಎಸ್‌ಟಿ, 576 ರೂಪಾಯಿ. ಕುಡಿಯುವ ಮದ್ಯ ಜಿಎಸ್‌ಟಿ ವ್ಯಾಪ್ತಿಗೇ ಬರುವುದಿಲ್ಲ. ಊಟದ ಬಿಲ್ಲಿಗೆ ನಮ್ಮನ್ನು ಕೇಳದೆ 486 ರೂಪಾಯಿ ಸರ್ವಿಸ್ ಚಾರ್ಜ್ ಸೇರಿಸಿದ್ದೀರಿ. ಹೀಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿದೆ. ಕೌಂಟರಿನಲ್ಲಿ ಕೇಳಿದಾಗ ‘ಸಿಸ್ಟಮ್ ತಗೋತಿದೆ’ ಎಂದರು. ಸಿಸ್ಟಮ್ಮಿಗೆ ಹೇಳಿಕೊಟ್ಟವರು ಯಾರೋ ಇರಬೇಕಲ್ಲ.

ಈ ಮೂರೂ ಸೇರಿ 2,934 ರೂಪಾಯಿ, ತೋಟ ಕಾಣದ ರೂಮಿಗೆ ಪಡೆದ 3,000, ಮೂವರಿಗೆ ‘ತೋಟದ ಅನುಭವ’ಕ್ಕೆ ಕಟ್ಟಿದ 5,400, ಒಟ್ಟು 11,334 ರೂಪಾಯಿಯನ್ನು ಪತ್ರ ತಲುಪಿದ 15 ದಿನದೊಳಗೆ ನಾನು ಹಣ ಕಟ್ಟಿದ ಖಾತೆಗೇ ಹಿಂದಿರುಗಿಸಬೇಕು. ಮತ್ತೊಮ್ಮೆ ಬಂದರೆ ರಿಯಾಯಿತಿ ಕೊಡುತ್ತೇವೆಂಬ ಕೂಪನ್ ಬೇಡ. ಶೂಟಿಂಗಿಗೆ ತೋಟ ಬಾಡಿಗೆ ಕೊಟ್ಟ ದಿನ ಅತಿಥಿಗಳಿಗೆ ಪ್ರವೇಶವಿಲ್ಲ ಎಂಬುದನ್ನು ಬುಕಿಂಗ್ ಪುಟದಲ್ಲಿ ಕಾಣುವ ಹಾಗೆ ಬರೆಯಿರಿ, ‘ನಮ್ಮದೇ ತೋಟದ ಶಿರಾಜ್’ ಎಂಬ ಸಾಲನ್ನು ತೆಗೆಯಿರಿ.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲಿಗೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ. ಬಿಲ್ಲು, ನಿಮ್ಮ ಮೆಸೇಜುಗಳು, ಕಿಟಕಿಯಿಂದ ತೆಗೆದ ಫೋಟೊ ಹಾಗೂ ಕ್ರೇಟಿನ ಫೋಟೊ ಜೊತೆಗಿವೆ.

ಇತಿ,
ನಿಮ್ಮ ಮಹಡಿ ರೂಮಿನ ಅತಿಥಿ