ನಾಯಿ ಮಂಚ ಹತ್ತಿದ ಮೇಲೆ

ಪ್ರೀತಿಯ ಗೆಳೆಯ,

ನಮ್ಮ ಬ್ರೂನೊ ಮಂಚದ ಮೇಲೆಯೇ ಮಲಗುತ್ತಾನೆಂದು ಯಾರೋ ನಿನ್ನ ಕಿವಿಗೆ ಹಾಕಿದ್ದಾರೆ. ‘ನಾಯಿಗೂ ದಿಂಬು ಕೊಟ್ಟಿದ್ದೀಯಂತೆ’ ಎಂದು ಕೇಳಿದ್ದೀಯ. ನಾನೇನೂ ಕೊಟ್ಟಿಲ್ಲ, ನನ್ನದನ್ನೇ ಅವನು ತೆಗೆದುಕೊಂಡಿದ್ದಾನೆ.

ನಿಮ್ಮ ಕರಿಯ ಹಗಲೆಲ್ಲ ಜಗುಲಿಯ ಕೆಳಗೆ ತೂಕಡಿಸಿ ರಾತ್ರಿ ಎಚ್ಚರವಿರುತ್ತಾನೆ. ಅವನು ಬೊಗಳಿದರೆ ಹಂದಿಯೋ ಕಳ್ಳನೋ ಎಂದು ಏಳುತ್ತೀರಿ. ಇಲ್ಲದಿದ್ದರೆ ನಿಮಗೆ ನೆಮ್ಮದಿಯ ನಿದ್ದೆ. ಇಲ್ಲಿ ಕಾವಲಿಗೆ ಗೇಟಿನಲ್ಲಿ ಆಳಿದ್ದಾನೆ, ಕ್ಯಾಮೆರಾ ಇದೆ. ಬ್ರೂನೊ ಬೊಗಳಿದರೆ ಅಕ್ಕಪಕ್ಕದವರು ದೂರು ಕೊಡುತ್ತಾರೆ. ಹಾಗಾಗಿ ನಿದ್ದೆ ಮಾಡುವುದು ಅವನ ಕೆಲಸ, ಅದು ಕೆಡದಂತೆ ನೋಡಿಕೊಳ್ಳುವುದು ನನ್ನದು. ಕಾಲು ಚಾಚುವ ಮೊದಲು ಕತ್ತಲಲ್ಲಿ ಕೈಯಾಡಿಸಿ ಅವನ ಬಾಲ ಎಲ್ಲಿದೆಯೆಂದು ನೋಡಬೇಕು. ದೀಪಾವಳಿಯ ರಾತ್ರಿಗಳಲ್ಲಂತೂ ಕಿಟಕಿಗೆ ಕಂಬಳಿ ಕಟ್ಟಿ, ನಡುಗುವ ಅವನ ಬೆನ್ನು ಸವರುತ್ತಾ ಕುಳಿತಿರುತ್ತೇನೆ. ಈ ಮನೆಯಲ್ಲಿ ಕಾವಲುಗಾರ ನಾನು!

ಅಮೆರಿಕದ ಮೇಯೊ ಕ್ಲಿನಿಕ್‌ನವರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ನಾಯಿ ಸಾಕಿದ 40 ಜನರ ನಿದ್ದೆ ಅಳೆದರು. ನಾಯಿ ಅದೇ ಕೋಣೆಯಲ್ಲಿ ಬೇರೆ ಕಡೆ ಮಲಗಿದ್ದಾಗ, ಹಾಸಿಗೆಯಲ್ಲಿ ಕಳೆದ ಹೊತ್ತಿನ ಶೇ 83ರಷ್ಟು ನಿದ್ದೆ. ಹಾಸಿಗೆಗೇ ಬಂದರೆ ಶೇ 80. ಈ ಲೆಕ್ಕವನ್ನು ಹೆಂಡತಿಗೆ ಹೇಳಿದೆ. ‘ನಿಮ್ಮ ಗೊರಕೆಗೆ ಶೇಕಡ ಎಷ್ಟು ಕಳೆಯಬೇಕು?’ ಎಂದಳು.

ನಿದ್ದೆಯೂ ಮೊದಲಿನಂತಿಲ್ಲ ಬಿಡು. ರೋಜರ್ ಎಕಿರ್ಚ್ ಎಂಬ ಇತಿಹಾಸಕಾರರು ಹಳೆಯ ದಿನಚರಿ, ನ್ಯಾಯಾಲಯದ ಕಡತಗಳನ್ನು ಕೆದಕಿ ಯುರೋಪಿನ ಜನ ಹಿಂದೆ ಎರಡು ಕಂತಿನಲ್ಲಿ ಮಲಗುತ್ತಿದ್ದರೆಂದು ಬರೆದಿದ್ದಾರೆ. ನಡುರಾತ್ರಿ ಎದ್ದು ಪ್ರಾರ್ಥಿಸಿ, ಮಾತಾಡಿ, ಮತ್ತೆ ಮಲಗುವುದು. ದೀಪಗಳು ಹೆಚ್ಚಿ, ಮಲಗುವ ಹೊತ್ತು ಮುಂದಕ್ಕೆ ಹೋದಂತೆ ಆ ನಡುವಿನ ಎಚ್ಚರ ಅಳಿಯಿತಂತೆ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪುವುದಿಲ್ಲ, ಆದರೆ ನನಗೆ ನೆನಪಾದದ್ದು ನೀನು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗೆ ಬೆಳಕು ತಂದಿತು. ಇಲ್ಲಿನವರು ರಾತ್ರಿಯನ್ನು ಹಿಂದಕ್ಕೆ ತಳ್ಳುತ್ತಲೇ ಬಂದರು. ನಿನಗೆ ಅದೇ ಕರೆಂಟು ತಿರುಗುಮುರುಗಾಗಿದೆ. ಪಂಪಿನ ಮೋಟಾರು ತಿರುಗಿಸುವ ತ್ರೀಫೇಸ್ ಕರೆಂಟು ಬರುವುದು ಅಪರಾತ್ರಿಯಲ್ಲಿ. ಟಾರ್ಚು ಹಿಡಿದು ಹೊರಡುತ್ತೀಯ, ಬದುವಿನ ಮೇಲೆ ಕರಿಯ ಮುಂದೆ ಮುಂದೆ. ಅವನು ಮೂಸಿ ನಿಂತ ಕಡೆ ನೀನೂ ನಿಲ್ಲುತ್ತೀಯ, ಹುಲ್ಲಿನಲ್ಲಿ ಹಾವಿರಬಹುದೆಂದು. ಮೋಟಾರು ಹಾಕಿ, ಮಡಿಗೆ ನೀರು ತಿರುಗಿಸಿ, ಬಂದು ಮತ್ತೆ ಮಲಗುವುದು. ಎರಡು ಕಂತಿನ ನಿದ್ದೆಯನ್ನು ನಿನಗೆ ಸರ್ಕಾರವೇ ಒದಗಿಸಿದೆ. ಹಗಲು ಕರೆಂಟು ಕೊಟ್ಟರೆ ಯಾರ ಗಂಟು ಹೋಗುತ್ತದೋ!

ನಾಯಿಪ್ರೀತಿ ಪೇಟೆಯವರ ಹುಚ್ಚು ಎನ್ನಬೇಡ. ಸುಮಾರು ಕ್ರಿ.ಶ. 950ರ ಆತಕೂರಿನ ಶಾಸನ ಓದು. ಯುದ್ಧ ಗೆದ್ದು ಬಂದ ಮಣಲೇರನಿಗೆ ಒಡೆಯ ‘ಮೆಚ್ಚಿದೆ, ಬೇಕಾದ್ದು ಕೇಳು’ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಒಂದು ದೊಡ್ಡ ಹಂದಿಯೊಡನೆ ಸೆಣಸಿತು, ಎರಡೂ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಅಲ್ಲಿನ ಪೂಜಾರಿ ಆ ಕಲ್ಲನ್ನು ಪೂಜಿಸದೆ ಉಣ್ಣುವಂತಿರಲಿಲ್ಲ. ಆದರೆ ಕಾಳಿಯದು ದುಡಿದು ಪಡೆದ ಗೌರವ, ಕರಿಯನ ಜಾತಿಯದು. ಬ್ರೂನೊ ಹಂದಿ ಕಂಡರೆ ನನ್ನ ಹಿಂದೆ ಬಂದು ನಿಲ್ಲುತ್ತಾನೆ.

ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕೊಯ್ಲು ಮುಗಿಸಿ ಬಾ, ಒಟ್ಟಿಗೆ ಹೋಗೋಣ. ರಾತ್ರಿ ಬಸ್ಸು ಹಿಡಿಯಬೇಡ, ನೀನು ಅದರಲ್ಲಿ ಕಣ್ಣು ಮುಚ್ಚುವವನಲ್ಲ.

ಇಂತಿ ನಿನ್ನ
ಗೆಳೆಯ